ಗಣಕಯಂತ್ರದಲ್ಲೊಂದು ಕಿರುಪಂಚಾಂಗ

ಗೃಹಸ್ಥನ ಮನೆಯಲ್ಲಿ ತಾರೀಖು ವಾರಗಳ ತಿಳಿವಿಲ್ಲದೆ ನಡೆಯುವ ಕೆಲಸ ಬಹಳ ಕಡಮೆ. ಉಪನಯನ ವಿವಾಹಾದಿ ಶುಭಕಾರ್ಯಗಳ ಮಾತಂತಿರಲಿ. ಹಾಲಿನವನ ಲೆಕ್ಕ, ಮನೆಯ ಬಾಡಿಗೆ, ಮಕ್ಕಳ ಪರೀಕ್ಷೆ, ವಿಮೆಯ ಕಂತು, ಶ್ರಾದ್ಧದ ದಿನಕ್ಕೆ ಬಂದು ಸೇರಬೇಕಾದ ಅಣ್ಣತಮ್ಮಂದಿರ ರೈಲು ಟಿಕೀಟು, ಇವೆಲ್ಲಕ್ಕೂ ಗೋಡೆಯ ಮೇಲಣ ಕ್ಯಾಲೆಂಡರಿನ ಕಡೆಗೆ ಕತ್ತೆತ್ತಿ ನೋಡಲೇಬೇಕು. ಈಚೆಗೆ ಅನೇಕ ಮನೆಗಳಲ್ಲಿ ಆ ಕ್ಯಾಲೆಂಡರಿನ ಕೆಳಗೆ, ಮೇಜಿನ ಮೇಲೆ, ಗಣಕಯಂತ್ರವೊಂದು ಬಂದು ಕುಳಿತಿರುವುದು. ಅದರಲ್ಲಿ ದಿನ ತೋರಿಸುವ ಸಾಧನಗಳಿಗೆ ಬರವಿಲ್ಲ. ಬಣ್ಣದ ಚಿತ್ರಗಳೊಡನೆ, ಜಾಹೀರಾತುಗಳೊಡನೆ, ನಾವು ಕೇಳದ ಸಂದೇಶಗಳೊಡನೆ ಅವು ತಾವಾಗಿಯೇ ಮುಂದೆ ಬಂದು ನಿಲ್ಲುವುವು. ಈ ಲೇಖನದಲ್ಲಿ ಹೇಳಹೊರಟಿರುವುದು ಅಂಥವುಗಳ ವಿಷಯವಲ್ಲ. ಕೇವಲ ಅಕ್ಷರ ಅಂಕಿಗಳಲ್ಲಿ ಒಂದು ತಿಂಗಳನ್ನು ಬರೆದು ತೋರಿಸಿ ಸುಮ್ಮನಾಗುವ ಒಂದು ಕಿರುಸಾಧನವುಂಟು. ಅದರ ಹೆಸರು ‘ಕ್ಯಾಲ್’. ಡೆಬಿಯನ್ ಎಂಬ ಮುಕ್ತ ವ್ಯವಸ್ಥೆಯುಳ್ಳ ಗಣಕದಲ್ಲಿ ಅದನ್ನು ತಂದು ಸ್ಥಾಪಿಸಿಕೊಳ್ಳುವ ಕ್ರಮವನ್ನು ವಾಚಕರ ಮುಂದಿಡಬೇಕೆಂಬುದೇ ಇಲ್ಲಿಯ ಉದ್ದೇಶ.

ಕಾರ್ಯವು ಅತ್ಯಲ್ಪ. ಒಂದೇ ಸಾಲಿನ ಅಪ್ಪಣೆ, ಎರಡು ಮೂರು ನಿಮಿಷದ ಹೊತ್ತು. ಆದರೆ ಆ ಒಂದು ಸಾಲನ್ನು ಬರೆಯುವಾಗ ಮನೆಯ ಯಜಮಾನನು ಕ್ಷಣಕಾಲ ಇಡೀ ಯಂತ್ರದ ಬೀಗದ ಕೈಯನ್ನು ಹೊರಗಿನವರೊಬ್ಬರ ಕೈಗೆ ಕೊಟ್ಟಂತಾಗುತ್ತದೆ. ಆ ಯಂತ್ರದಲ್ಲಿಯೇ ಪಿಂಚಣಿಯ ಕಾಗದಗಳು, ಬ್ಯಾಂಕಿನ ಲೆಕ್ಕ, ತೀರಿಕೊಂಡವರ ಭಾವಚಿತ್ರ, ಮೊಮ್ಮಕ್ಕಳ ನಾಮಕರಣದ ಚಿತ್ರ ಎಲ್ಲವೂ ಇರುವುವು. ಆದುದರಿಂದ ಸಣ್ಣ ಕೆಲಸವೆಂದು ಉದಾಸೀನ ಮಾಡದೆ, ಆ ಕೈ ಯಾರದು, ಅದನ್ನು ನಂಬಬಹುದೆಂಬುದಕ್ಕೆ ಆಧಾರವೇನು ಎಂಬುದನ್ನು ಒಮ್ಮೆ ಕುಳಿತು ವಿಚಾರಿಸುವುದು ಒಳ್ಳೆಯದು.

ಮೊದಲು ಈ ಡೆಬಿಯನ್ ಎಂದರೇನೆಂದು ಹೇಳಬೇಕು. ಗಣಕಯಂತ್ರದ ಬಿಡಿಭಾಗಗಳನ್ನೆಲ್ಲ ಹತೋಟಿಯಲ್ಲಿಟ್ಟುಕೊಂಡು ನಮ್ಮ ಮಾತನ್ನು ಅವಕ್ಕೆ ಮುಟ್ಟಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಅಂಗಡಿಯಲ್ಲಿ ಕೊಂಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಯಾವುದಾದರೊಂದು ಕಂಪೆನಿಯ ವ್ಯವಸ್ಥೆಯೇ ಇರುತ್ತದೆ. ಅದು ಒಳಗೆ ಏನು ಸೇರಿದೆಯೆಂದು ಹೇಳದೆ ಕೊಟ್ಟ ಗುಳಿಗೆಯಂತೆ. ನುಂಗಬಹುದು, ಬಿಡಿಸಿ ನೋಡುವಂತಿಲ್ಲ. ಮುಕ್ತ ತಂತ್ರಾಂಶದ ಸಂಪ್ರದಾಯ ಬೇರೆ. ಹಿಂದೆ ತಾಳೆಯೋಲೆಯ ಗ್ರಂಥವನ್ನು ಓದಬಲ್ಲವನು ಪ್ರತಿಮಾಡಿಕೊಳ್ಳುತ್ತಿದ್ದನು, ತಪ್ಪು ಕಂಡರೆ ಅಂಚಿನಲ್ಲಿ ತಿದ್ದುತ್ತಿದ್ದನು, ಶಕ್ತಿಯಿದ್ದರೆ ವ್ಯಾಖ್ಯಾನ ಬರೆದು ಮುಂದಿನವರಿಗೆ ಕೊಡುತ್ತಿದ್ದನು. ಹಾಗೆಯೇ ಇಲ್ಲಿ ತಂತ್ರಾಂಶದ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಗ್ನೂ ಎಂಬ ಹೆಸರಿನಿಂದ ಈ ಬಗೆಯ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಪ್ರಕಟಿಸಿದರು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದಕ್ಕೆ ಒದಗುವ ಲಿನಕ್ಸ್ ಎಂಬ ತಿರುಳನ್ನು ಬರೆದರು. ಇವೆರಡನ್ನೂ ಇನ್ನೂ ಅನೇಕರ ಕೃತಿಗಳನ್ನೂ ಒಪ್ಪವಾಗಿ ಜೋಡಿಸಿ ಕೊಡುವ ಕೆಲಸವನ್ನು ಅಮೆರಿಕದ ಇಯನ್ ಮರ್ಡಾಕ್ ಎಂಬ ವಿದ್ಯಾರ್ಥಿ ೧೯೯೩ರ ಆಗಸ್ಟ್ ೧೬ರಂದು ಮೊದಲುಮಾಡಿದರು. ತಮ್ಮ ಹೆಸರಿಗೆ, ಮುಂದೆ ಪತ್ನಿಯಾದ ಡೆಬ್ರಾ ಎಂಬಾಕೆಯ ಹೆಸರನ್ನು ಸೇರಿಸಿ ‘ಡೆಬಿಯನ್’ ಎಂದು ಕರೆದರು. ದಂಪತಿಗಳ ಹೆಸರು ಸಮಾಸವಾಗಿ ಒಂದು ಯಂತ್ರಶಾಸ್ತ್ರದಲ್ಲಿ ನಿಂತುದು ಇದೊಂದೇ ಇರಬೇಕು!

ಅದರ ೧೩ನೆಯ ಆವೃತ್ತಿ ೨೦೨೫ರ ಆಗಸ್ಟ್ ೯ರಂದು ಹೊರಬಂದಿತು. ಅದರ ಭಂಡಾರದಲ್ಲಿ ೬೯,೦೦೦ಕ್ಕೂ ಹೆಚ್ಚಿನ ಪ್ಯಾಕೇಜುಗಳು ಇರುವುವು; ನಾವು ಅವನ್ನು ಪೊಟ್ಟಣಗಳೆನ್ನೋಣ. ವ್ಯವಸ್ಥೆಯನ್ನು ಯಂತ್ರಕ್ಕೆ ಹಾಕುವಾಗಲೇ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು. ವಿಂಡೋಸ್ ೧೦ಕ್ಕೆ ಕಂಪೆನಿಯವರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತಷ್ಟೆ. ಅದರ ಮುಂದಿನ ಆವೃತ್ತಿಯನ್ನು ಹೊರಲಾರದೆ ಅಟ್ಟ ಸೇರಿದ ಯಂತ್ರಗಳು ಎಷ್ಟೋ ಮನೆಗಳಲ್ಲಿ ಇರುವುವು. ಅವು ೬೪ ಬಿಟ್ಟಿನ ಜಾತಿಯವಾಗಿದ್ದರೆ ಬಹುಮಟ್ಟಿಗೆ ಡೆಬಿಯನ್ನಿನಿಂದ ಇನ್ನೂ ಕೆಲವು ವರ್ಷ ಚೆನ್ನಾಗಿಯೇ ದುಡಿಯಬಲ್ಲವು. ಹಳೆಯ ಕೊಡಕ್ಕೆ ಕಲಾಯಿ ಹಾಕಿಸಿ ಬಳಸುವ ನಮ್ಮ ಗೃಹಿಣಿಯರಿಗೆ ಇದನ್ನು ಒತ್ತಿ ಹೇಳಬೇಕಾದುದಿಲ್ಲ.

ಇನ್ನು ಅಪ್ಪಣೆಯ ಸಾಲಿನ ವಿಚಾರ. ಗಣಕಕ್ಕೆ ಚಿತ್ರಗಳನ್ನು ಒತ್ತಿ ಕೆಲಸ ಹೇಳುವುದೊಂದು ಬಗೆ, ಬರೆದು ಹೇಳುವುದಿನ್ನೊಂದು. ಬರೆಯುವುದಕ್ಕೆಂದೇ ಇರುವ ಕಿಟಕಿಗೆ ಟರ್ಮಿನಲ್ ಎಂದು ಹೆಸರು. ಅದನ್ನು ತೆರೆದರೆ ಬಳಕೆದಾರನ ಹೆಸರೂ ಯಂತ್ರದ ಹೆಸರೂ ಕಂಡು, ಕೊನೆಯಲ್ಲಿ ಡಾಲರಿನ ಗುರುತೊಂದು ನಿಂತಿರುವುದು. ಇದು ಹಣದ ಮಾತಲ್ಲ. ‘ಅಪ್ಪಣೆಯಾಗಲಿ’ ಎಂದು ಸೇವಕನು ಕೈಕಟ್ಟಿ ನಿಂತಿರುವ ಗುರುತು. ಇಲ್ಲಿಯ ಮಾತುಗಳು ಸೂತ್ರಪ್ರಾಯವಾದುವು. ಅರ್ಧಮಾತ್ರೆ ಉಳಿದರೂ ಹಿಗ್ಗುತ್ತಿದ್ದ ನಮ್ಮ ವೈಯಾಕರಣರು ಇವನ್ನು ಕಂಡಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದ ಕಾಲದಲ್ಲಿ ಬರೆಯುವ ಯಂತ್ರಗಳು ಬಹು ನಿಧಾನ. ಒಂದೊಂದು ಅಕ್ಷರಕ್ಕೂ ಬೆಲೆಯಿತ್ತು. ಆದುದರಿಂದಲೇ ‘ಕ್ಯಾಲೆಂಡರ್’ ಎಂಬುದು ‘ಕ್ಯಾಲ್’ ಆಗಿ ನಿಂತಿತು. ೧೯೭೧ರ ನವೆಂಬರ್ ೩ರ ದಿನಾಂಕವುಳ್ಳ ಯೂನಿಕ್ಸಿನ ಮೊದಲ ಕೈಪಿಡಿಯಲ್ಲಿಯೇ ಅದರ ಹೆಸರು ಬಂದಿದೆ. ಚದುರಂಗ ಮೊದಲಾದ ಆಟಗಳ ಪಂಕ್ತಿಯಲ್ಲಿ ಅದನ್ನೂ ಕೂರಿಸಿದ್ದರೆಂಬುದು ತಮಾಷೆಯ ಸಂಗತಿ.

ಅಪ್ಪಣೆಗಳನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಅಂಕಿಗಳನ್ನೂ ಇಂಗ್ಲಿಷಿನ ಅಂಕಿಗಳಲ್ಲಿಯೇ ಬರೆಯತಕ್ಕದ್ದು. ಪದಪದಕ್ಕೂ ನಡುವೆ ಒಂದು ತೆರಪು ಬಿಡಬೇಕು. ಬರೆದಾದ ಮೇಲೆ ಎಂಟರ್ ಕೀಲಿಯನ್ನು ಒತ್ತುವವರೆಗೆ ಯಂತ್ರವು ಏನನ್ನೂ ಮಾಡುವುದಿಲ್ಲ. ಅಲ್ಲಿಯವರೆಗೆ ತಿದ್ದಿಕೊಳ್ಳುವುದಕ್ಕೆ ಅವಕಾಶವುಂಟು.

ಮೊದಲು ಸಿ, ಎ, ಎಲ್ ಎಂಬ ಮೂರಕ್ಷರಗಳನ್ನಷ್ಟೇ ಬರೆದು ನೋಡಬೇಕು. ಹೊಸದಾಗಿ ಹಾಕಿದ ಡೆಬಿಯನ್ನಿನಲ್ಲಿ ‘ಅಂಥ ಅಪ್ಪಣೆ ಸಿಕ್ಕಲಿಲ್ಲ’ ಎಂಬರ್ಥದ ಉತ್ತರ ಬರುವುದು ಸಹಜ. ಹಿಂದೆ ಇದು ಬೇರೊಂದು ದೊಡ್ಡ ಪೊಟ್ಟಣದೊಳಗೆ ಸೇರಿ ತಾನಾಗಿಯೇ ಬರುತ್ತಿತ್ತು. ೨೦೨೧ರ ೧೧ನೆಯ ಆವೃತ್ತಿಯಿಂದೀಚೆಗೆ ಬೇರೆಯಾಗಿ, ‘ಎನ್‌ಕ್ಯಾಲ್’ ಎಂಬ ಹೆಸರಿನ ಪೊಟ್ಟಣದಲ್ಲಿ ಇರುತ್ತದೆ. ಎನ್, ಸಿ, ಎ, ಎಲ್ ಎಂಬ ನಾಲ್ಕಕ್ಷರ. ಕ್ಯಾಲ್ ಬೇಕೆಂದು ಕ್ಯಾಲ್ ಎಂಬ ಹೆಸರಿನ ಪೊಟ್ಟಣವನ್ನು ಹುಡುಕಿ ಬೇಸತ್ತವರು ಉಂಟು. ವಸ್ತುವಿಗೊಂದು ಹೆಸರು, ಅದನ್ನು ಕಟ್ಟಿದ ಪೊಟ್ಟಣಕ್ಕೆ ಬೇರೊಂದು ಹೆಸರು ಎಂಬುದು ಈ ಲೋಕದಲ್ಲಿ ಸಾಮಾನ್ಯ.

ಪೊಟ್ಟಣಗಳನ್ನು ತಂದುಕೊಡುವ ಪರಿಚಾರಕನಿಗೆ ‘ಆ್ಯಪ್ಟ್’ ಎಂದು ಹೆಸರು. ಎ, ಪಿ, ಟಿ ಎಂಬ ಮೂರಕ್ಷರ. ಅವನಿಗೆ ಮೊದಲು ಹೇಳಬೇಕಾದ ಮಾತು ‘ಸುಡೊ ಆ್ಯಪ್ಟ್ ಅಪ್‌ಡೇಟ್’. ಭಂಡಾರದಲ್ಲಿ ಈ ಹೊತ್ತು ಏನೇನಿದೆ, ಯಾವ ಯಾವ ಆವೃತ್ತಿಯಿದೆ ಎಂಬ ಪಟ್ಟಿಯನ್ನು ಅವನು ತಂದಿಟ್ಟುಕೊಳ್ಳುವನು. ಇದರಿಂದ ಯಾವ ಪೊಟ್ಟಣವೂ ಬದಲಾಗುವುದಿಲ್ಲ, ಪಟ್ಟಿಯೊಂದೇ ಹೊಸದಾಗುವುದು. ಆದರೆ ಈ ಮಾತಿನ ಆರಂಭದಲ್ಲಿರುವ ‘ಸುಡೊ’ ಎಂಬುದನ್ನು ದಾಟಿ ಮುಂದೆ ಹೋಗಕೂಡದು.

ಎಸ್, ಯು, ಡಿ, ಓ. ಕನ್ನಡಿಗರ ಕಿವಿಗೆ ಇದು ‘ಸುಡು’ ಎಂದು ಕೇಳಿಸಿದರೆ ಅಪಶಕುನವೆಂದು ತಿಳಿಯಬೇಕಾಗಿಲ್ಲ. ಎಚ್ಚರಿಕೆಯ ಮಾತೆಂದು ತಿಳಿದರೆ ಸಾಕು. ಡೆಬಿಯನ್ನಿನಲ್ಲಿ ದಿನದ ಕೆಲಸ ಮಾಡುವ ಸಾಮಾನ್ಯ ಬಳಕೆದಾರನಿಗೆ ತನ್ನ ಕೋಣೆಯ ಮೇಲೆ ಮಾತ್ರ ಅಧಿಕಾರ. ಇಡೀ ಮನೆಯ ಗೋಡೆ ಕಂಬಗಳನ್ನು ಮುಟ್ಟುವ ಅಧಿಕಾರ ‘ರೂಟ್’ ಎಂಬ ಸರ್ವಾಧಿಕಾರಿಯದು. ‘ಮುಂದೆ ಬರೆದಿರುವ ಈ ಒಂದು ಅಪ್ಪಣೆಯನ್ನು ಸರ್ವಾಧಿಕಾರಿಯ ಹೆಸರಿನಲ್ಲಿ ನಡೆಸು’ ಎಂಬುದೇ ಸುಡೊ ಎಂಬುದರ ತಾತ್ಪರ್ಯ. ಆಗ ಯಂತ್ರವು ಗುಪ್ತಪದವನ್ನು ಕೇಳುವುದು. ಅದನ್ನು ಬರೆಯುವಾಗ ಪರದೆಯ ಮೇಲೆ ಅಕ್ಷರವಿರಲಿ, ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಅನೇಕರು ಇಲ್ಲಿಯೇ ಗಾಬರಿಯಾಗುವರು. ಹಿಂದೆ ನಿಂತು ನೋಡುವವನಿಗೆ ಅಕ್ಷರ ಎಷ್ಟೆಂಬುದೂ ತಿಳಿಯದಿರಲೆಂದು ಮಾಡಿದ ಏರ್ಪಾಡು ಅದು. ಧೈರ್ಯವಾಗಿ ಬರೆದು ಎಂಟರ್ ಒತ್ತಬಹುದು. ವ್ಯವಸ್ಥೆಯನ್ನು ಹಾಕುವಾಗ ರೂಟಿಗೆಂದೇ ಬೇರೆ ಗುಪ್ತಪದ ಕೊಟ್ಟಿದ್ದರೆ ‘ನಿನಗೆ ಈ ಅಧಿಕಾರವಿಲ್ಲ’ ಎಂಬ ಉತ್ತರ ಬರಬಹುದು. ಅಂಥವರು ಎಸ್, ಯು ಎಂಬ ಎರಡಕ್ಷರ, ಒಂದು ತೆರಪು, ಒಂದು ಅಡ್ಡಗೆರೆ ಹೀಗೆ ಬರೆದು, ರೂಟಿನ ಗುಪ್ತಪದವನ್ನು ಕೊಟ್ಟು, ಸುಡೊ ಎಂಬ ಮಾತನ್ನು ಬಿಟ್ಟು ಉಳಿದ ಅಪ್ಪಣೆಯನ್ನು ಹೇಳಬೇಕು. ಕೆಲಸ ಮುಗಿದ ಒಡನೆ ‘ಎಕ್ಸಿಟ್’ ಎಂದು ಬರೆದು ಆ ಪದವಿಯಿಂದ ಇಳಿದುಬಿಡಬೇಕು. ಸರ್ವಾಧಿಕಾರದ ಪೀಠದಲ್ಲಿ ಕುಳಿತುಕೊಂಡೇ ಕಾಗದಪತ್ರ ಬರೆಯುವುದು ಯಾರಿಗೂ ಕ್ಷೇಮವಲ್ಲ.

ಪಟ್ಟಿ ಬಂದ ಬಳಿಕ, ಪೊಟ್ಟಣವನ್ನು ತರಿಸುವುದಕ್ಕೆ ಮೊದಲು, ‘ಆ್ಯಪ್ಟ್ ಶೋ ಎನ್‌ಕ್ಯಾಲ್’ ಎಂದು ಬರೆದು ಅದರ ಜಾತಕವನ್ನು ನೋಡುವ ಅಭ್ಯಾಸ ಒಳ್ಳೆಯದು. ಇದಕ್ಕೆ ಸುಡೊ ಬೇಡ, ನೋಡುವುದಕ್ಕೆ ಅಧಿಕಾರವೇಕೆ? ಪೊಟ್ಟಣದ ಹೆಸರು, ಆವೃತ್ತಿ, ಅದನ್ನು ನೋಡಿಕೊಳ್ಳುವವರು ಯಾರು, ಗಾತ್ರವೆಷ್ಟು, ಬೇರೆ ಯಾವುದನ್ನು ಅವಲಂಬಿಸಿದೆ, ಏನು ಕೆಲಸ ಮಾಡುತ್ತದೆ ಎಂಬುದೆಲ್ಲ ಅಲ್ಲಿ ಕಾಣುವುದು. ಎನ್‌ಕ್ಯಾಲಿನ ಗಾತ್ರ ನೂರು ಕಿಲೊಬೈಟಿಗೂ ಕಡಮೆ. ಕೈಫೋನಿನಲ್ಲಿ ತೆಗೆದ ಒಂದು ಚಿತ್ರ ಇದರ ಎಷ್ಟೋ ಪಾಲು ದೊಡ್ಡದು. ಅದು ಅವಲಂಬಿಸಿರುವ ಒಂದೆರಡು ಸಾಮಾನ್ಯ ಭಾಗಗಳು ವ್ಯವಸ್ಥೆಯಲ್ಲಿ ಮೊದಲೇ ಇರುತ್ತವೆ.

ಇಷ್ಟಾದ ಮೇಲೆ ಮುಖ್ಯವಾದ ಸಾಲು: ‘ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಎನ್‌ಕ್ಯಾಲ್’. ಯಂತ್ರವು ಪಟ್ಟಿಯನ್ನು ಓದುತ್ತೇನೆ, ಅವಲಂಬನೆಗಳನ್ನು ಲೆಕ್ಕಹಾಕುತ್ತೇನೆ ಎಂದು ಒಂದೊಂದೇ ಸಾಲು ಹೇಳುತ್ತ ಹೋಗಿ, ಹೊಸದಾಗಿ ಸೇರುವುದೆಷ್ಟು, ತೆಗೆದುಹಾಕುವುದೆಷ್ಟು ಎಂಬ ಸಂಖ್ಯೆಗಳನ್ನು ತಿಳಿಸುತ್ತದೆ. ಈ ಸಂಖ್ಯೆಗಳ ಮೇಲೆ ಕಣ್ಣಿರಬೇಕು. ನಾವು ಕೇಳಿದ್ದು ಒಂದೇ ಪೊಟ್ಟಣ. ಸೇರುವುದು ಒಂದು, ತೆಗೆಯುವುದು ಸೊನ್ನೆ ಎಂದಿದ್ದರೆ ನೆಮ್ಮದಿ. ಕೇಳಿದ ಪೊಟ್ಟಣಕ್ಕೆ ಬೇರೆಯವೂ ಜೊತೆಯಾಗಿ ಬರಬೇಕಾಗಿದ್ದರೆ, ಅಥವಾ ಯಾವುದಾದರೂ ಹೋಗಬೇಕಾಗಿದ್ದರೆ, ಮುಂದುವರಿಯಲೆ ಎಂದು ಕೇಳಿ ನಿಲ್ಲುವುದು. ಆಗ ಒಪ್ಪಿಗೆಗೆ ವೈ, ನಿರಾಕರಣೆಗೆ ಎನ್. ಕಿರುಸಾಧನವೊಂದನ್ನು ಕೇಳಿದುದಕ್ಕೆ ಹತ್ತಾರು ಪೊಟ್ಟಣಗಳನ್ನು ತೆಗೆದುಹಾಕುತ್ತೇನೆಂದು ಹೇಳಿದರೆ ಯೋಚಿಸದೆ ಎನ್ ಒತ್ತತಕ್ಕದ್ದು. ಓದದೆ ರುಜು ಹಾಕಿ ಸಾಲದ ಪತ್ರದಲ್ಲಿ ಸಿಕ್ಕಿಬಿದ್ದವರ ಕಥೆ ನಮ್ಮ ಊರುಗಳಲ್ಲಿ ಕಡಮೆಯಿಲ್ಲ. ಎಲ್ಲವೂ ಸರಿಯಾಗಿದ್ದರೆ ಪೊಟ್ಟಣವು ಬಂದು, ಬಿಚ್ಚಿಕೊಂಡು, ತನ್ನ ಸ್ಥಾನದಲ್ಲಿ ಕುಳಿತು, ಡಾಲರಿನ ಗುರುತು ಮರಳಿ ಬರುವುದು. ಗಂಟೆಯಿಲ್ಲ, ಜಾಗಟೆಯಿಲ್ಲ. ಕೆಲಸ ಆಯಿತು.

ಈಗ ಮೊದಲೇ ಎತ್ತಿದ ಪ್ರಶ್ನೆಗೆ ಬರೋಣ. ಎಲ್ಲಿಯೋ ದೂರದ ಯಂತ್ರದಿಂದ ಬಂದ ಈ ವಸ್ತುವನ್ನು ಸರ್ವಾಧಿಕಾರ ಕೊಟ್ಟು ಒಳಗೆ ಬಿಟ್ಟುಕೊಂಡೆವಲ್ಲ, ದಾರಿಯಲ್ಲಿ ಯಾರಾದರೂ ವಿಷ ಬೆರೆಸಿದ್ದರೆ ಗತಿಯೇನು? ಇದಕ್ಕೆ ಡೆಬಿಯನ್ನಿನವರು ಮಾಡಿರುವ ಏರ್ಪಾಡು ನನ್ನ ಮಟ್ಟಿಗೆ ಆ ವ್ಯವಸ್ಥೆಯ ಅತ್ಯಂತ ಸುಂದರವಾದ ಭಾಗ. ಪ್ರತಿಯೊಂದು ಪೊಟ್ಟಣದ ಒಳಗಿರುವುದನ್ನೆಲ್ಲ ಗಣಿತಕ್ರಮದಿಂದ ಅರೆದು ೬೪ ಚಿಹ್ನೆಗಳ ಒಂದು ತಾಳೆಯ ಸಂಖ್ಯೆಯನ್ನು ತೆಗೆದಿರುತ್ತಾರೆ. ಪೊಟ್ಟಣದಲ್ಲಿ ಒಂದಕ್ಷರ ಬದಲಾದರೂ ಆ ಸಂಖ್ಯೆ ಗುರುತು ಸಿಕ್ಕದಂತೆ ಬದಲಾಗುತ್ತದೆ. ಈ ಸಂಖ್ಯೆಗಳು ಪಟ್ಟಿಯಲ್ಲಿ ಇರುತ್ತವೆ. ಆ ಪಟ್ಟಿಯ ತಾಳೆಯ ಸಂಖ್ಯೆ ಇನ್ನೊಂದು ಪತ್ರದಲ್ಲಿ ಇರುತ್ತದೆ. ಆ ಪತ್ರಕ್ಕೆ ಭಂಡಾರದ ಗುಪ್ತವಾದ ಕೀಲಿಯಿಂದ ಮೊಹರು ಬಿದ್ದಿರುತ್ತದೆ. ಆ ಮೊಹರು ನಿಜವೇ ಎಂದು ನೋಡುವ ಬಹಿರಂಗ ಕೀಲಿಯು ವ್ಯವಸ್ಥೆಯನ್ನು ಹಾಕಿದ ದಿನವೇ ನಮ್ಮ ಯಂತ್ರದೊಳಗೆ ಬಂದು ಕುಳಿತಿರುತ್ತದೆ. ನಾವು ಒಂದು ಸಾಲು ಬರೆದು ಕಾಫಿಯ ಲೋಟಕ್ಕೆ ಕೈಚಾಚುವಷ್ಟರಲ್ಲಿ ಆ್ಯಪ್ಟ್ ಈ ಮೆಟ್ಟಲುಗಳನ್ನೆಲ್ಲ ಹತ್ತಿ ಇಳಿದಿರುತ್ತಾನೆ. ಎಲ್ಲಿಯಾದರೂ ತಾಳೆ ಬೀಳದಿದ್ದರೆ ಪೊಟ್ಟಣವನ್ನು ಹೊಸಲಿನಾಚೆಯೇ ನಿಲ್ಲಿಸುತ್ತಾನೆ.

ಮೊಹರಿನ ಹಿಂದೆ ಮನುಷ್ಯರಿರಬೇಕಷ್ಟೆ. ಪೊಟ್ಟಣಗಳನ್ನು ಭಂಡಾರಕ್ಕೆ ಸೇರಿಸುವ ಅಧಿಕಾರವುಳ್ಳ ಡೆವಲಪರರು ಲೋಕದಲ್ಲೆಲ್ಲ ಸುಮಾರು ಒಂದು ಸಾವಿರ ಮಂದಿ ಇರುತ್ತಾರೆ. ಎಲ್ಲರೂ ಸ್ವಯಂಸೇವಕರು. ಒಬ್ಬನು ಅವರ ಪಂಕ್ತಿಗೆ ಸೇರಬೇಕಾದರೆ ಅವನ ಕೀಲಿಗೆ ಈಗಾಗಲೇ ಪಂಕ್ತಿಯಲ್ಲಿರುವವರು ರುಜು ಹಾಕಬೇಕು. ಹಾಗೆ ರುಜು ಹಾಕುವವರು ವಾಡಿಕೆಯಾಗಿ ಆ ಮನುಷ್ಯನನ್ನು ಎದುರೆದುರಿಗೆ ಕಂಡು, ಪಾಸ್‌ಪೋರ್ಟು ಮೊದಲಾದ ಸರ್ಕಾರದ ಗುರುತಿನ ಪತ್ರವನ್ನು ನೋಡಿಯೇ ಹಾಕುತ್ತಾರೆ. ಹೆಣ್ಣು ಗಂಡುಗಳ ಮಾತುಕತೆಯಲ್ಲಿ ‘ಅವರ ಮನೆತನವನ್ನು ನಾನು ಬಲ್ಲೆ’ ಎಂದು ಹಿರಿಯರೊಬ್ಬರು ಹೇಳುವಂತೆ, ಇಲ್ಲಿಯೂ ಬಲ್ಲವರು ಬಲ್ಲವರನ್ನು ತೋರಿಸಿಕೊಡುವ ಸಾಕ್ಷಿಪರಂಪರೆ. ಇವರ ವಾರ್ಷಿಕ ಸಮ್ಮೇಳನವು ೨೦೨೩ರ ಸೆಪ್ಟೆಂಬರಿನಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲಿಯೇ ನಡೆಯಿತು. ಗಣಿತದ ಮೇಲೆ ನಿಂತಂತೆ ಕಾಣುವ ಈ ಕಟ್ಟಡದ ಅಡಿಗಲ್ಲು ಮುಖಪರಿಚಯವೆಂಬುದನ್ನು ತಿಳಿದಾಗ ನನಗೆ ಆಶ್ಚರ್ಯವೂ ಸಂತೋಷವೂ ಆಯಿತು.

ಇಷ್ಟು ಕಾವಲಿದ್ದರೂ ಕಳ್ಳನು ಒಳಗೆ ಬರಲಾರನೆ? ಬರಬಲ್ಲನೆಂಬುದಕ್ಕೆ ೨೦೨೪ರ ಒಂದು ಸಂಗತಿ ಸಾಕ್ಷಿ. ಕಡತಗಳನ್ನು ಹಿಂಡಿ ಚಿಕ್ಕದಾಗಿಸುವ ‘ಎಕ್ಸ್‌ಝಡ್’ ಎಂಬ ಸಾಧನವೊಂದುಂಟು. ಅದೂ ಸಣ್ಣದೇ, ಆದರೆ ಅದನ್ನು ಆಶ್ರಯಿಸಿದ ದೊಡ್ಡ ಸಾಧನಗಳು ಅಸಂಖ್ಯ. ಅದನ್ನು ಅನೇಕ ವರ್ಷಗಳಿಂದ ಫಿನ್ಲೆಂಡಿನ ಲಾಸೆ ಕಾಲಿನ್ ಎಂಬವರು ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ, ನೋಡಿಕೊಂಡು ಬರುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿಟ್ಟುಕೊಂಡ ಯಾರೋ ಒಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ನೆರವಾಗುತ್ತ, ವಿಶ್ವಾಸ ಗಳಿಸಿ, ಕೊನೆಗೆ ಅಧಿಕಾರವನ್ನೂ ಪಡೆದು, ೨೦೨೪ರ ಫೆಬ್ರವರಿಯಲ್ಲಿ ಹೊರಬಂದ ಆವೃತ್ತಿಯಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟರು. ಅದು ಲೋಕವನ್ನೆಲ್ಲ ಹರಡಿದ್ದರೆ ಎಣಿಸಲಾರದಷ್ಟು ಯಂತ್ರಗಳು ಪರರ ಕೈಸೇರುತ್ತಿದ್ದುವು. ಆಂಡ್ರೆಸ್ ಫ್ರೋಯಿಂಡ್ ಎಂಬ ಇಂಜಿನಿಯರರು ತಮ್ಮ ಯಂತ್ರದಲ್ಲಿ ದೂರಪ್ರವೇಶದ ಕೆಲಸಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಕಂಡರು. ಬೇರೆಯವರಾಗಿದ್ದರೆ ಕೊಡವಿಕೊಂಡು ಮುಂದೆ ಹೋಗುತ್ತಿದ್ದರು. ಇವರು ಕಾರಣವನ್ನು ಹುಡುಕುತ್ತ ಹೋಗಿ ಕಳ್ಳಬಾಗಿಲನ್ನೇ ಹಿಡಿದು, ಮಾರ್ಚ್ ೨೯ರಂದು ಲೋಕಕ್ಕೆ ಸಾರಿದರು. ಮೂಲಪಾಠವು ಎಲ್ಲರಿಗೂ ತೆರೆದಿದ್ದುದರಿಂದಲೇ ಅವರು ಹಾಗೆ ಬೆನ್ನಟ್ಟಿ ಹೋಗಲು ಸಾಧ್ಯವಾಯಿತು.

ಡೆಬಿಯನ್ನಿನ ಪ್ರಯೋಗದ ಶಾಖೆಗಳಿಗೆ ಆ ಕೆಟ್ಟ ಆವೃತ್ತಿ ಆಗಲೇ ಬಂದಿತ್ತು. ಮನೆಮಂದಿ ಬಳಸುವ ‘ಸ್ಟೇಬಲ್’ ಎಂಬ ಸ್ಥಿರ ಶಾಖೆಗೆ ಬಂದಿರಲಿಲ್ಲ. ಹೊಸದನ್ನು ಒಡನೆ ತೆಗೆದುಕೊಳ್ಳದೆ, ಬಹುಕಾಲ ಪರೀಕ್ಷಿಸಿ ಎರಡು ವರ್ಷಕ್ಕೊಮ್ಮೆ ಸುಮಾರಾಗಿ ಹೊರಡುವ ಈ ಶಾಖೆಯನ್ನು ಹುಡುಗರು ಹಳತೆಂದು ಹಾಸ್ಯಮಾಡುವುದುಂಟು. ಹಳೆಯಕ್ಕಿ ಅನ್ನವೇ ಉದುರಾಗುವುದು. ಗೃಹಸ್ಥರು ಸ್ಥಿರ ಶಾಖೆಯನ್ನೇ ಹಿಡಿದಿರಲಿ.

ಭಂಡಾರದ ಹೊರಗಣ ದಾರಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾದುದು. ‘ಈ ಸಾಲನ್ನು ಹಾಗೆಯೇ ತೆಗೆದು ಟರ್ಮಿನಲ್ಲಿಗೆ ಹಾಕಿ’ ಎಂದು ಯಾರೋ ಎಲ್ಲಿಯೋ ಬರೆದಿರುತ್ತಾರೆ. ಆ ಸಾಲಿನ ತಾತ್ಪರ್ಯ ಹೆಚ್ಚಾಗಿ ‘ಇಂಥ ವಿಳಾಸದಲ್ಲಿರುವುದನ್ನು ತಂದು, ಓದದೆ, ಸರ್ವಾಧಿಕಾರದಿಂದ ನಡೆಸು’ ಎಂದಿರುತ್ತದೆ. ಇಲ್ಲಿ ತಾಳೆಯ ಸಂಖ್ಯೆಯೂ ಇಲ್ಲ, ಮೊಹರೂ ಇಲ್ಲ, ಸಾಕ್ಷಿಪರಂಪರೆಯೂ ಇಲ್ಲ. ಅಷ್ಟೇ ಅಲ್ಲದೆ, ಕಣ್ಣಿಗೆ ಕಾಣುವುದೊಂದು, ಪ್ರತಿಮಾಡಿಕೊಂಡಾಗ ಬರುವುದಿನ್ನೊಂದು ಆಗುವಂತೆ ಅಡಗಿಸಿ ಬರೆಯುವ ಉಪಾಯವೂ ಧೂರ್ತರಿಗೆ ಗೊತ್ತಿದೆ. ಆದುದರಿಂದ ಅಪ್ಪಣೆಯನ್ನು ಪ್ರತಿಮಾಡಿ ಅಂಟಿಸದೆ ಸ್ವಹಸ್ತದಿಂದಲೇ ಬರೆಯತಕ್ಕದ್ದು. ಬರೆಯುವಾಗ ಒಂದೊಂದು ಪದದ ಅರ್ಥವನ್ನೂ ಕೇಳಿಕೊಳ್ಳತಕ್ಕದ್ದು. ಅರ್ಥವಾಗದ ಪದದ ಮುಂದೆ ಸುಡೊ ಹಾಕ ಕೂಡದು. ಮಗನೋ ಮೊಮ್ಮಗನೋ ‘ತಾತ, ಸುಮ್ಮನೆ ಒತ್ತಿಬಿಡಿ’ ಎಂದರೂ ‘ಇದು ಏನು ಮಾಡುತ್ತದೆ ಹೇಳು ಮಗು’ ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಹೇಳಲಾರದಿದ್ದರೆ ಅವನಿಗೂ ತಿಳಿಯದೆಂದು ಅರ್ಥ.

ಇನ್ನು ಬಂದ ಅತಿಥಿಯೊಡನೆ ಮಾತಾಡೋಣ. ‘ಕ್ಯಾಲ್’ ಎಂದಷ್ಟೇ ಬರೆದರೆ ಈ ತಿಂಗಳು ಕಾಣುವುದು. ಇಂದಿನ ದಿನ ಎದ್ದು ತೋರುವಂತಿರುವುದು. ಕ್ಯಾಲ್ ಆದ ಮೇಲೆ ತೆರಪು ಬಿಟ್ಟು ಅಡ್ಡಗೆರೆಯನ್ನೂ ಅದಕ್ಕೆ ತಾಗಿ ೩ನ್ನೂ ಬರೆದರೆ ಹಿಂದಿನ ತಿಂಗಳು, ಈ ತಿಂಗಳು, ಮುಂದಿನ ತಿಂಗಳು ಮೂರೂ ಪಕ್ಕಪಕ್ಕದಲ್ಲಿ ಬರುವುವು. ಕಂತು ಕಟ್ಟುವವರಿಗೆ ಇದು ಅನುಕೂಲ. ‘ಕ್ಯಾಲ್ ೮ ೧೯೪೭’ ಎಂದರೆ ಆ ಆಗಸ್ಟ್ ಹದಿನೈದು ಶುಕ್ರವಾರವೆಂದು ತಿಳಿಯುವುದು. ‘ಕ್ಯಾಲ್ ೧೧ ೧೯೫೬’ ಎಂದು ಕೇಳಿದರೆ ನಮ್ಮ ನಾಡು ಒಂದಾದ ನವೆಂಬರ್ ಒಂದು ಗುರುವಾರ. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದ ೧೯೭೩ರ ನವೆಂಬರ್ ಒಂದೂ ಗುರುವಾರವೇ. ವರ್ಷವನ್ನು ಮಾತ್ರ ಪೂರ್ತಿಯಾಗಿ ಬರೆಯಬೇಕು. ೪೭ ಎಂದು ಬಿಟ್ಟರೆ ಅದು ೧೯೪೭ ಎಂದು ಊಹಿಸುವುದಿಲ್ಲ, ಕ್ರಿಸ್ತಶಕ ೪೭ನ್ನೇ ತೋರಿಸುವುದು. ತಿಥಿ ನಕ್ಷತ್ರಗಳನ್ನು ಇದು ಅರಿಯದು; ಅವಕ್ಕೆ ಒಂಟಿಕೊಪ್ಪಲಿನ ಪಂಚಾಂಗವನ್ನೇ ಬಿಡಿಸಬೇಕು. ವ್ಯವಸ್ಥೆಯ ಭಾಷೆ ಕನ್ನಡವಾಗಿದ್ದರೆ ತಿಂಗಳ ಹೆಸರು ಕನ್ನಡದಲ್ಲಿ ಬರುವುದಾದರೂ, ಅಕ್ಷರಕ್ಕೊಂದೇ ಅಗಲದ ಮನೆ ಕಟ್ಟಿಕೊಟ್ಟಿರುವ ಟರ್ಮಿನಲ್ ಕಿಟಕಿಗಳಲ್ಲಿ ನಮ್ಮ ಒತ್ತಕ್ಷರಗಳು ಬಹುಶಃ ಇಕ್ಕಟ್ಟಾಗಿ ಕೂಡುವುವು. ಕನ್ನಡದ ಹುಡುಗರು ಯಾರಾದರೂ ಇದನ್ನು ಕೈಗೆತ್ತಿಕೊಳ್ಳಬೇಕು.

‘ಕ್ಯಾಲ್ ೯ ೧೭೫೨’ ಎಂದು ಬರೆದವರು ಮಾತ್ರ ಬೆಚ್ಚಿಬೀಳುವರು. ಆ ಸೆಪ್ಟೆಂಬರಿನಲ್ಲಿ ಬುಧವಾರ ೨ನೆಯ ತಾರೀಖು, ಮರುದಿನ ಗುರುವಾರ ೧೪! ನಡುವಣ ಹನ್ನೊಂದು ದಿನಗಳೇ ಇಲ್ಲ. ಇದು ಯಂತ್ರದ ಪ್ರಮಾದವಲ್ಲ. ಜೂಲಿಯಸ್ ಸೀಸರನ ಕಾಲದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಹನ್ನೊಂದು ನಿಮಿಷ ಹೆಚ್ಚಾಗಿ, ಶತಮಾನಗಳಲ್ಲಿ ಅದು ದಿನಗಳಾಗಿ ಬೆಳೆಯಿತು. ೧೩ನೆಯ ಗ್ರೆಗೊರಿ ಪೋಪರು ೧೫೮೨ರಲ್ಲಿ ಅಕ್ಟೋಬರ್ ೪ರ ಮರುದಿನವನ್ನು ೧೫ ಎಂದು ಕರೆದು ಸರಿಪಡಿಸಿದರು. ಪೋರ್ಚುಗಲ್ ಮೊದಲಾದ ದೇಶಗಳು ಒಡನೆ ಒಪ್ಪಿದುವು. ಇಂಗ್ಲೆಂಡು ೧೭೫೨ರವರೆಗೆ ಒಪ್ಪಲಿಲ್ಲ. ಕ್ಯಾಲ್ ಇಂಗ್ಲೆಂಡಿನ ಲೆಕ್ಕವನ್ನು ಹಿಡಿಯುತ್ತದೆ. ಬೇರೆ ದೇಶದ್ದು ಬೇಕಾದರೆ ಎನ್‌ಕ್ಯಾಲ್ ಎಂದು ಬರೆದು, ಅಡ್ಡಗೆರೆಯೊಡನೆ ಎಸ್ ಎಂಬ ಅಕ್ಷರ, ಬಳಿಕ ದೇಶದ ಎರಡಕ್ಷರದ ಗುರುತನ್ನು ದೊಡ್ಡಕ್ಷರಗಳಲ್ಲಿ ಸೇರಿಸಬೇಕು. ಪೋರ್ಚುಗಲಿಗೆ ಪಿ, ಟಿ. ರಷ್ಯಕ್ಕೆ ಆರ್, ಯು. ರಷ್ಯದ ೧೯೧೮ರ ಫೆಬ್ರವರಿ ೧೪ರಿಂದ ಮೊದಲಾಗುವುದನ್ನು ಹೀಗೆ ಕಾಣಬಹುದು. ಗೋವೆಯ ಪೋರ್ಚುಗೀಸರ ಕಾಗದವನ್ನೂ ಮದರಾಸಿನ ಇಂಗ್ಲಿಷರ ಕಾಗದವನ್ನೂ ಎದುರುಬದುರಿಟ್ಟು ಓದುವವರಿಗೆ ಈ ಹತ್ತು ಹನ್ನೊಂದು ದಿನಗಳ ಅಂತರ ಎಷ್ಟು ಮುಖ್ಯವೆಂದು ಹೇಳಬೇಕಾಗಿಲ್ಲ.

ನಮ್ಮ ಇತಿಹಾಸಕ್ಕೂ ಇದು ಒದಗುತ್ತದೆ. ವಿಜಯನಗರದ ಸೈನ್ಯ ಮುರಿದ ತಾಳಿಕೋಟೆಯ ಕದನವನ್ನು ರಾಬರ್ಟ್ ಸ್ಯೂಯೆಲರು ೧೯೦೦ರಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ೧೫೬೫ರ ಜನವರಿ ೨೩, ಮಂಗಳವಾರವೆಂದು ಬರೆದಿದ್ದಾರೆ. ‘ಕ್ಯಾಲ್ ೧ ೧೫೬೫’ ಎಂದು ಕೇಳಿದರೆ ಮಂಗಳವಾರವೆಂದೇ ಬರುವುದು. ಇಂದಿನ ಲೆಕ್ಕವನ್ನೇ ಹಿಂದಕ್ಕೆ ಎಳೆದುಕೊಂಡು ಹೋಗುವ ಬೇರೆ ಸಾಧನಗಳಲ್ಲಿ ಅದೇ ತಾರೀಖು ಶನಿವಾರವಾಗಿ ಕಾಣುವುದರಿಂದ ಅನೇಕರು ಗ್ರಂಥಕರ್ತರನ್ನೇ ಸಂಶಯಿಸಬಹುದು. ಕೃಷ್ಣದೇವರಾಯನ ರಾಯಚೂರಿನ ಯುದ್ಧವನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ಒಂದು ಶನಿವಾರ ನಡೆಯಿತೆಂದು ಹೇಳಿದ್ದಾನೆ, ಆದರೆ ಅವನು ಕೊಟ್ಟ ವರ್ಷ ೧೫೨೨. ಸ್ಯೂಯೆಲರು ಅದನ್ನು ವಿಮರ್ಶಿಸಿ ೧೫೨೦ರ ಮೇ ೧೯ ಎಂದು ನಿರ್ಣಯಿಸಿದರು. ಆ ದಿನ ಶನಿವಾರ ಹೌದೇ ಎಂಬುದನ್ನು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಈಗ ಮನೆಯಲ್ಲಿ ಕುಳಿತು ಒಂದು ಸಾಲು ಬರೆದು ನೋಡಬಲ್ಲಳು, ಹೌದು, ಶನಿವಾರವೇ. ಗ್ರಂಥದಲ್ಲಿ ಅಚ್ಚಾದುದನ್ನೆಲ್ಲ ಕಂಠಪಾಠ ಮಾಡಿಸುತ್ತಿದ್ದ ನಮ್ಮಂಥ ಉಪಾಧ್ಯಾಯರಿಗೆ ಈ ಸೌಕರ್ಯ ಆಗ ಇರಲಿಲ್ಲ.

ಅತಿಥಿಯು ಮನೆಯೊಳಗೆ ಎಲ್ಲೆಲ್ಲಿ ಸಾಮಾನಿಟ್ಟನೆಂದು ನೋಡಬೇಕೆನ್ನುವವರು ‘ಡಿಪಿಕೆಜಿ’ ಎಂದು ಬರೆದು, ತೆರಪು, ಅಡ್ಡಗೆರೆಯೊಡನೆ ದೊಡ್ಡಕ್ಷರದ ಎಲ್, ಮತ್ತೆ ತೆರಪು, ಎನ್‌ಕ್ಯಾಲ್ ಎಂದು ಬರೆಯಲಿ. ಪೊಟ್ಟಣದಿಂದ ಬಂದ ಒಂದೊಂದು ಕಡತದ ಸ್ಥಳವೂ ಪಟ್ಟಿಯಾಗಿ ಬರುವುದು. ಅದರಲ್ಲಿ ಕ್ಯಾಲ್ ಎಂಬುದು ಎನ್‌ಕ್ಯಾಲಿಗೇ ಇಟ್ಟ ಇನ್ನೊಂದು ಹೆಸರೆಂಬುದು ವಿನೋದದ ಸಂಗತಿ: ಒಂದೇ ಸಾಧನವು ಯಾವ ಹೆಸರಿನಿಂದ ಕರೆದರೆ ಆ ರೂಪದಲ್ಲಿ ಉತ್ತರ ಕೊಡುತ್ತದೆ. ಕ್ಯಾಲ್ ಎಂದರೆ ವಾರಗಳು ಅಡ್ಡಸಾಲಿನಲ್ಲಿ, ಎನ್‌ಕ್ಯಾಲ್ ಎಂದರೆ ಉದ್ದಸಾಲಿನಲ್ಲಿ. ಬರೆದವರ ಹೆಸರೂ ಹಂಚುವ ನಿಯಮವೂ ಇರುವ ಹಕ್ಕುಪತ್ರವೊಂದು ಅದೇ ಪಟ್ಟಿಯಲ್ಲಿ ಕಾಣುವುದು, ಬಿಡುವಿದ್ದಾಗ ಓದಬಹುದು. ‘ಮ್ಯಾನ್ ಕ್ಯಾಲ್’ ಎಂದರೆ ಪೂರ್ತಿ ಕೈಪಿಡಿ ತೆರೆಯುವುದು, ಕ್ಯೂ ಎಂಬ ಅಕ್ಷರವನ್ನೊತ್ತಿದರೆ ಮುಚ್ಚುವುದು.

ಬೇಡವೆನಿಸಿದರೆ ‘ಸುಡೊ ಆ್ಯಪ್ಟ್ ರಿಮೂವ್ ಎನ್‌ಕ್ಯಾಲ್’. ಆಗ ಮುಂದುವರಿಯಲೆ ಎಂದು ತಪ್ಪದೆ ಕೇಳುವುದು. ತೆಗೆಯುವ ಪಟ್ಟಿಯಲ್ಲಿ ಎನ್‌ಕ್ಯಾಲ್ ಒಂದೇ ಇರುವುದನ್ನು ನೋಡಿಕೊಂಡು ವೈ ಒತ್ತಿದರೆ ಪೊಟ್ಟಣವು ಬಂದ ದಾರಿಯಲ್ಲಿಯೇ ಹಿಂದಿರುಗುವುದು. ನಮ್ಮ ಕಾಗದಗಳಾಗಲಿ ಚಿತ್ರಗಳಾಗಲಿ ಇದ್ದಲ್ಲಿಯೇ ಇರುವುವು.